ನಲವತ್ತೆರಡು ಮೂಟೆ, ಐದು ಗಿಟುಕು

ಹೋದ ತಿಂಗಳು ಕೊಬ್ಬರಿ ಖರೀದಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಪರೀಕ್ಷಕರು ಅರಸೀಕೆರೆಯ ನನ್ನ ಮನೆ ಹುಡುಕಿಕೊಂಡು ಬಂದರು. ಒಬ್ಬಳು ಬೇಲೂರಿನವಳು, ಇನ್ನೊಬ್ಬ ಹಾಸನದವನು. ಕಾಫಿ ಕುಡಿದಾದ ಮೇಲೆ ಹುಡುಗಿ ಕೇಳಿದಳು: "ಸಾರ್, ಟ್ರೈನಿಂಗ್‌ನಲ್ಲಿ ಬರೀ ಸ್ಲೈಡ್ ತೋರ್ಸಿದ್ರು. ಕೊಬ್ಬರಿ ಮುಟ್ಟಿಸಲೇ ಇಲ್ಲ. ನಿಜವಾಗ್ಲೂ ಕೆಲಸ ಹೇಗಿರುತ್ತೆ ಅಂತ ಬರೆದುಕೊಡ್ತೀರಾ?" ಆಗಲಿ ಎಂದೆ. ನಿವೃತ್ತನಾದವನಿಗೆ ಇಂಥ ಮಾತು ಕೇಳಿದರೆ ಎದೆ ಉಬ್ಬುತ್ತದೆ. ಆದರೆ ಬರೆಯಲು ಕೂತಾಗ ಮೊದಲು ನೆನಪಿಗೆ ಬಂದದ್ದು ಎದೆ ಉಬ್ಬಿಸುವ ಸಂಗತಿಯಲ್ಲ. ಗಂಡಸಿ ಕಡೆಯ ಗೌರಮ್ಮ ತಂದಿದ್ದ ನಲವತ್ತೆರಡು ಮೂಟೆ. ಅದನ್ನು ಹೇಳದೆ ಉಳಿದದ್ದೆಲ್ಲ ಬರೆದರೆ ಮೋಸವಾಗುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮಗೆ ಕೆಲಸ ಗೊತ್ತಾಗಬೇಕು.

ನಮ್ಮ ಸೀಮೆಯ ಕೊಬ್ಬರಿ ಉಂಡೆ ಕೊಬ್ಬರಿ. ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ತಿರುಳನ್ನು ಇಡಿಯಾಗಿ ತೆಗೆಯುತ್ತಾರೆ. ಅದೇ ಗಿಟುಕು. ಹೊರಗೆ ನೋಡಿದರೆ ಎಲ್ಲ ಗಿಟುಕೂ ಒಂದೇ. ಒಳಗೆ ಬೂಷ್ಟು ಹಿಡಿದಿದೆಯೋ ಇಲ್ಲವೋ ಎಂಬುದು ಕತ್ತರಿಸಿದರೇ ಗೊತ್ತಾಗುವುದು. ಆದರೆ ಕತ್ತರಿಸಿದ ಗಿಟುಕು ಮತ್ತೆ ಗಿಟುಕಲ್ಲ, ಎಣ್ಣೆ ಗಾಣಕ್ಕೆ ಹೋಗುವ ಚೂರು. ಒಳ್ಳೆಯದು ಎಂದು ತಿಳಿಯುವ ಹೊತ್ತಿಗೆ ಅದನ್ನು ಹಾಳು ಮಾಡಿರುತ್ತೇವೆ. ಈ ಕೆಲಸದ ಕಷ್ಟವೆಲ್ಲ ಇಲ್ಲಿಂದಲೇ ಶುರು.

ನಾನು ಸೇರಿದಾಗ ಪದ್ಧತಿ ಸರಳವಾಗಿತ್ತು. ಒಬ್ಬರು ತಂದ ಮೂಟೆಗಳೆಲ್ಲ ಸೇರಿ ಒಂದು ರಾಶಿ. ರಾಶಿಗೆ ಇಪ್ಪತ್ತು ಗಿಟುಕು ಕತ್ತರಿಸು, ಕೆಟ್ಟದ್ದು ನಾಲ್ಕಾದರೆ ತಿರಸ್ಕಾರ, ಅದಕ್ಕಿಂತ ಕಡಿಮೆ ಇದ್ದರೆ ಸ್ವೀಕಾರ. ಮೂರೇ ಮೂಟೆ ತಂದವರಿಗೂ ಇಪ್ಪತ್ತೇ. ಒಮ್ಮೆ ಒಬ್ಬ ಯಜಮಾನರು ನಾನು ಹದಿನೆಂಟನೆಯದಕ್ಕೆ ಕತ್ತಿ ಇಡುವಾಗ ಕೈ ಹಿಡಿದುಕೊಂಡರು. "ಏನ್ಲಾ, ಹದಿನೇಳು ಕೊಯ್ದೆ, ಹದಿನೇಳೂ ಹಾಲ್ನಂಗವೆ. ಇನ್ನ ಮೂರೂ ಕೆಟ್ಟೋಗಿದ್ರೂ ನೀನು ತಗಳ್ಲೇಬೇಕು. ಮತ್ಯಾಕೆ ಕೊಯ್ತೀಯ? ಕೈ ತೀಟೆಗಾ?" ಲೆಕ್ಕ ನೂರಕ್ಕೆ ನೂರು ಸರಿ. ಆದರೂ ರೂಲ್ಸು ಎಂದೆ, ಇಪ್ಪತ್ತೂ ಕತ್ತರಿಸಿದೆ. ಅವರು ಚೂರುಗಳನ್ನು ಟವೆಲಿಗೆ ಸುರಿದುಕೊಂಡು ನನ್ನ ಮುಖ ನೋಡದೆ ಹೋದರು.

ಆ ಯಜಮಾನರ ಪ್ರಶ್ನೆಗೆ ಉತ್ತರ ತಂದವರು ರಾಯರು. ನಮ್ಮ ಕೇಂದ್ರಕ್ಕೆ ಅಧಿಕಾರಿಯಾಗಿ ಬಂದರು, ಸಂಖ್ಯಾಶಾಸ್ತ್ರ ಓದಿದವರು. ಸಣ್ಣ ಆಳು, ಜೇಬಿನಲ್ಲಿ ಯಾವಾಗಲೂ ನಶ್ಯದ ಡಬ್ಬಿ, ಬೈದರೂ ಬಹುವಚನದಲ್ಲೇ ಬೈಯುವವರು. ಬಂದ ವಾರವೇ ಒಂದು ರಟ್ಟಿನ ಮೇಲೆ ಪಟ್ಟಿ ಬರೆದು ನನ್ನ ಮೇಜಿನ ಹಿಂದಿನ ಗೋಡೆಗೆ ಮೊಳೆ ಹೊಡೆಸಿದರು. ಐದೈದೇ ಕತ್ತರಿಸಬೇಕು. ಪ್ರತಿ ಐದಾದ ಮೇಲೆ ನಿಂತು, ಅಲ್ಲಿಯವರೆಗಿನ ಕೆಟ್ಟದ್ದನ್ನೆಲ್ಲ ಕೂಡಿಸಿ ಪಟ್ಟಿ ನೋಡಬೇಕು. ಮೊದಲ ಐದರಲ್ಲೇ ಮೂರು ಕೆಟ್ಟಿದ್ದರೆ ಅಲ್ಲಿಗೇ ತಿರಸ್ಕಾರ. ಇಲ್ಲದಿದ್ದರೆ ಇನ್ನೈದು. ಹತ್ತರಲ್ಲಿ ಒಂದೂ ಕೆಟ್ಟಿಲ್ಲದಿದ್ದರೆ ಸ್ವೀಕಾರ, ಮೂರಾಗಿದ್ದರೆ ತಿರಸ್ಕಾರ, ನಡುವೆ ಇದ್ದರೆ ಮತ್ತೆ ಐದು. ಹದಿನೈದಕ್ಕೂ ಹೀಗೇ ಸ್ವೀಕಾರಕ್ಕೆ ಒಂದು ಕೆಳಗೆರೆ, ತಿರಸ್ಕಾರಕ್ಕೆ ಒಂದು ಮೇಲ್ಗೆರೆ. ಇಪ್ಪತ್ತಕ್ಕೆ ಬಂದರೆ ಹಳೆಯ ಲೆಕ್ಕವೇ, ಅಲ್ಲಿ ಏನಾದರೊಂದು ಹೇಳಿ ಮುಗಿಸಬೇಕು.

"ನೋಡಿ, ಕೆಟ್ಟ ರಾಶಿ ಬೇಗ ಮಾತಾಡುತ್ತೆ, ಒಳ್ಳೇದೂ ಬೇಗ ಮಾತಾಡುತ್ತೆ. ಎರಡಕ್ಕೂ ನಡುವೆ ಇರೋದು ಮಾತ್ರ ತಡವಾಗಿ ಬಾಯಿ ಬಿಡುತ್ತೆ. ಎಲ್ಲದಕ್ಕೂ ಒಂದೇ ಹೊತ್ತು ಯಾಕೆ ಕೊಡ್ತೀರಿ?" ಎಂದರು ರಾಯರು. ಒಂದೊಂದೇ ಕತ್ತರಿಸಿ ನೋಡಿದರೆ ಇನ್ನೂ ಉಳಿತಾಯವಲ್ಲವೇ ಎಂದು ಕೇಳಿದೆ. "ಆಗುತ್ತೆ. ಆದರೆ ಒಂದೊಂದಕ್ಕೂ ನೀವು ಗೋಡೆ ಕಡೆ ತಿರುಗಿ ಪಟ್ಟಿ ನೋಡ್ತಾ ಕೂತ್ರೆ ಲೈನು ರೈಲ್ವೆ ಸ್ಟೇಷನ್ ಮುಟ್ಟುತ್ತೆ ಕಣ್ರೀ" ಎಂದು ನಶ್ಯ ಏರಿಸಿದರು. ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದರು: "ಐದು ಗಿಟುಕು ಅಂದ್ರೆ ಐದು ಮೂಟೆ. ಒಂದು ಮೂಟೆಯಿಂದ ಒಂದೇ. ಇದು ಮರೀಬೇಡಿ." ಮರೆಯುವುದಿಲ್ಲ ಸಾರ್ ಎಂದೆ.

ಈ ಪದ್ಧತಿ ಬಂದ ಮೇಲೆ ಹೆಚ್ಚಿನ ರಾಶಿಗಳು ಹತ್ತು ಗಿಟುಕಿಗೇ ಮುಗಿಯತೊಡಗಿದವು. ತಕರಾರು ಕಡಿಮೆಯಾಯಿತು. ಕೈ ಹಿಡಿದಿದ್ದ ಯಜಮಾನರು ಮುಂದಿನ ಸಲ ಹತ್ತಕ್ಕೇ ಪಾಸಾಗಿ, "ಈಗ ಬುದ್ಧಿ ಬಂತು ನೋಡು" ಎಂದು ನನ್ನ ಬೆನ್ನು ತಟ್ಟಿದರು. ಬುದ್ಧಿ ರಾಯರದು, ಬೆನ್ನು ಮಾತ್ರ ನನ್ನದು.

ಸುದ್ದಿ ಹಗರೆಗೂ ಹೋಯಿತು. ಅಲ್ಲಿನ ಹಾಲಿನ ಡೇರಿಯ ಕಾರ್ಯದರ್ಶಿ ಬಂದು ನಮ್ಮ ಪಟ್ಟಿಯನ್ನು ಚೆಂದವಾಗಿ ಬರೆದುಕೊಂಡ. ಅರವತ್ತು ಜನ ಹಾಲು ಹಾಕುತ್ತಾರೆ, ಇನ್ನು ಮೇಲೆ ಐದೈದು ಜನರದ್ದೇ ನೋಡುತ್ತೇನೆ ಎಂದು ಹೊರಟವನನ್ನು ರಾಯರು ಕೂಗಿ ಕರೆದರು. "ಹಾಲು ನೋಡಿದ್ರೆ ಹಾಲೇನು ಕೆಡುತ್ತೇನ್ರೀ? ಒಂದು ಚಮಚ ಹೋಗುತ್ತೆ ಅಷ್ಟೆ. ನೋಡೋದ್ರಿಂದ ಏನೂ ಹಾಳಾಗದೆ ಇದ್ರೆ ಎಲ್ಲಾನೂ ನೋಡಿ. ಇದು ಸೋಮಾರಿಗಳಿಗೆ ಮಾಡಿದ ಪಟ್ಟಿ ಅಲ್ಲ." ಅವನು ಬರೆದ ಹಾಳೆಯನ್ನು ಅಲ್ಲೇ ಬಿಟ್ಟು ಹೋದ. ನಿಮಗೆ ಯಾರಾದರೂ ಹೊಸ ವಿಧಾನ ಕಲಿಸಿದರೆ, ಅದು ಎಲ್ಲಿ ಬೇಡ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಇನ್ನು ನನ್ನ ಮೊದಲ ದೊಡ್ಡ ತಪ್ಪು. ಹಳೇಬೀಡಿನ ಕಡೆಯಿಂದ ಒಬ್ಬ ವರ್ತಕರು ಲಾರಿಯಲ್ಲಿ ಕೊಬ್ಬರಿ ತಂದಿದ್ದರು. ವಿಭೂತಿ ಧರಿಸಿದ ಅಗಲ ಹಣೆ, ಅದಕ್ಕಿಂತ ಅಗಲವಾದ ಮಾತು. ಇಪ್ಪತ್ತಕ್ಕೆ ಬಂದಾಗ ಐದು ಕೆಟ್ಟಿದ್ದವು. ತಿರಸ್ಕಾರ ಎಂದೆ. "ಸ್ವಾಮೀ, ಇನ್ನೊಂದೈದು ಕತ್ರಿಸಿ. ಹೋದ್ರೆ ನನ್ನ ಕೊಬ್ಬರಿ ತಾನೆ ಹೋಗೋದು? ನಿಮ್ದೇನ್ ಗಂಟು ಹೋಗುತ್ತೆ?" ಎಂದರು. ಹೌದಲ್ಲ, ಹೆಚ್ಚು ನೋಡಿದರೆ ಹೆಚ್ಚು ತಿಳಿಯುತ್ತದಲ್ಲ ಎನ್ನಿಸಿತು. ಕತ್ತರಿಸಿದೆ. ಒಂದು ಕೆಟ್ಟಿತ್ತು. "ನೋಡಿ, ಸುಧಾರಿಸ್ತಾ ಇದೆ, ಇನ್ನೊಂದೈದು." ಮತ್ತೆ ಕತ್ತರಿಸಿದೆ. ಐದೂ ಬೆಳ್ಳಗಿದ್ದವು. ಕೊನೆಯ ಹತ್ತರಲ್ಲಿ ಒಂದೇ ಕೆಟ್ಟದ್ದು ಎಂದು ಅವರು ಹೇಳಿದರು, ಹೌದು ಎಂದು ನಾನು ಬರೆದೆ. ರಾಶಿ ಸ್ವೀಕಾರವಾಯಿತು. ಒಂದು ತಿಂಗಳಿಗೆ ಗೋದಾಮಿನಲ್ಲಿ ಆ ರಾಶಿ ಇಟ್ಟ ಮೂಲೆಯಿಂದ ಹುಳಿ ವಾಸನೆ ಬರತೊಡಗಿತು.

ರಾಯರು ಬೈಯಲಿಲ್ಲ. "ಎಷ್ಟು ಕತ್ತರಿಸಿದ್ರಿ?" ಎಂದು ಕೇಳಿದರು. ಮೂವತ್ತು ಎಂದೆ. "ಮೂವತ್ತಲ್ಲ. ಅವರಿಗೆ ಸಮಾಧಾನ ಆಗೋವರೆಗೂ ಕತ್ತರಿಸಿದ್ರಿ. ಕತ್ತಿ ನಿಮ್ಮ ಕೈಲಿತ್ತು, ತೀರ್ಪು ಅವರ ಕೈಲಿತ್ತು." ಮರುದಿನ ಮನೆಯಿಂದ ಒಂದು ಬಟ್ಟಲು ಹುಣಿಸೆಬೀಜ ತಂದರು. ಕಾಲು ಪಾಲು ಬೀಜಗಳ ಒಂದು ಮಗ್ಗುಲನ್ನು ಬೆಳ್ಳಗೆ ಉಜ್ಜಿದ್ದರು. ಅವು ಕೆಟ್ಟವು ಎಂದುಕೊಳ್ಳಿ ಎಂದರು. ಕಣ್ಣು ಮುಚ್ಚಿ ಐದೈದು ತೆಗೆಯುತ್ತಾ ಹೋಗಬೇಕು, ಒಂದೂ ಕೆಟ್ಟದ್ದಿಲ್ಲದ ಐದು ಬಂದ ಕೂಡಲೇ ನಿಲ್ಲಿಸಬೇಕು. ನಾನು ಎಷ್ಟು ಸಲ ಆಡಿದರೂ ತಡವಾಗಿಯೋ ಬೇಗನೆಯೋ ಅಂಥ ಐದು ಬಂದೇ ಬಂತು. "ಕಂಡಿತಾ? ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಕತ್ತಿ ಹಿಡಿಯೋ ಮೊದಲೇ ಬರೆದಿಡಬೇಕು. ಆಸೆಗೆ ಬಿಟ್ರೆ ಎಂಥ ಹಾಳು ಬಟ್ಟಲೂ ಪಾಸಾಗುತ್ತೆ." ಅಂದಿನಿಂದ 'ಇನ್ನೊಂದೈದು' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಉರಿಯನ್ನು ನೆನಪಿಟ್ಟುಕೊಳ್ಳಿ.

ಎರಡು ವರ್ಷಕ್ಕೆ ರಾಯರಿಗೆ ವರ್ಗವಾಯಿತು. ಪಟ್ಟಿ ಗೋಡೆಯ ಮೇಲೇ ಉಳಿಯಿತು. ಆದರೆ ಅವರು ಬಾಯಲ್ಲಿ ಹೇಳಿದ 'ಒಂದು ಮೂಟೆಯಿಂದ ಒಂದೇ' ಎಂಬ ಮಾತು ಸವೆಯಿತು. ಹೇಗೆ ಸವೆಯಿತು ಎಂದು ಹೇಳಬೇಕು, ಏಕೆಂದರೆ ಇಂಥದ್ದು ಯಾರೂ ಬೇಕೆಂದು ಮಾಡುವುದಲ್ಲ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೊಬ್ಬರಿ ತುಂಬುವಾಗ ಮೊದಲ ಮೂಟೆ ದೇವರದ್ದು. ಅದಕ್ಕೆ ಮೂರು ಪಟ್ಟೆ ವಿಭೂತಿ ಎಳೆದು, ದೇವರ ಮನೆಯ ಮುಂದೆ ಇಟ್ಟು, ಮೇಲೆ ಕಲಶ ಕೂರಿಸಿ ಪೂಜೆ ಮಾಡುತ್ತಾರೆ. ಗಾಡಿಯಿಂದ ಇಳಿಸುವಾಗಲೂ ಅದೇ ಮೊದಲು. ಅದನ್ನು ಬಿಟ್ಟು ಬೇರೆ ಮೂಟೆಗೆ ಕೈ ಹಾಕಿದರೆ ಬೆಳೆಗಾರರ ಮುಖ ಚಿಕ್ಕದಾಗುತ್ತಿತ್ತು. ಹಾಗಾಗಿ ನಾವು ವಿಭೂತಿ ಮೂಟೆಯಿಂದಲೇ ಶುರು ಮಾಡುತ್ತಿದ್ದೆವು. ಇದರಲ್ಲಿ ತಪ್ಪಿಲ್ಲ, ಅದರಿಂದ ಒಂದು ತೆಗೆದು ಉಳಿದ ನಾಲ್ಕನ್ನು ಬೇರೆ ನಾಲ್ಕು ಮೂಟೆಯಿಂದ ತೆಗೆದರಾಯಿತು. ಆದರೆ ಪ್ರತಿ ಮೂಟೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಹಮಾಲಿಗಳು ಗೊಣಗುತ್ತಿದ್ದರು, ಸಾಲಿನಲ್ಲಿ ನಿಂತವರು ಕೂಗುತ್ತಿದ್ದರು. ಒಂದು ದಿನ ಮೊದಲ ಐದನ್ನೂ ವಿಭೂತಿ ಮೂಟೆಯಿಂದಲೇ ತೆಗೆದೆ. ಏನೂ ಆಗಲಿಲ್ಲ. ಒಂದು ಮನೆಯ ಕೊಬ್ಬರಿ, ಒಂದೇ ಅಟ್ಟ, ಒಂದೇ ಬಿಸಿಲು. ಯಾವ ಮೂಟೆ ನೋಡಿದರೂ ಹೆಚ್ಚುಕಮ್ಮಿ ಅದೇ. ಆ ಹಂಗಾಮು ಮುಗಿಯುವ ಹೊತ್ತಿಗೆ ಅದೇ ಪದ್ಧತಿಯಾಯಿತು.

ಗೌರಮ್ಮ ಬಂದದ್ದು ಅದರ ಮರುವರ್ಷ. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ. ಗಂಡಸಿಯಿಂದ ಆಚೆಗಿನ ಅವರ ಊರಿನಲ್ಲಿ ಕೊಬ್ಬರಿ ಎಂದರೆ ಊರಿನ ವ್ಯಾಪಾರಿ ಹೇಳಿದ್ದೇ ದರ, ತೂಗಿದ್ದೇ ತೂಕ. ಗೌರಮ್ಮ ಹತ್ತು ಮನೆಯ ಹೆಂಗಸರನ್ನು ಒಟ್ಟು ಮಾಡಿ ಸಂಘ ಕಟ್ಟಿ, ನಮ್ಮ ಕೊಬ್ಬರಿಯನ್ನು ನಾವೇ ಕೇಂದ್ರಕ್ಕೆ ಒಯ್ಯೋಣ, ಪಾಸಾಗದಿದ್ದರೆ ನನ್ನನ್ನು ಕೇಳಿ ಎಂದು ಮಾತು ಕೊಟ್ಟಿದ್ದರು. ಎರಡು ಟ್ರಾಕ್ಟರಿನಲ್ಲಿ ನಲವತ್ತೆರಡು ಮೂಟೆ ಬಂದವು. ಹತ್ತು ಮನೆಯದೂ ಸೇರಿ ಒಂದೇ ರಾಶಿ, ಗೌರಮ್ಮನ ಹೆಸರಿನಲ್ಲಿ. ಹೆಂಗಸರೆಲ್ಲ ಹಬ್ಬಕ್ಕೆ ಬಂದಂತೆ ತಲೆಗೆ ಹೂ ಮುಡಿದು ಯಾರ್ಡಿನ ಕಟ್ಟೆಯ ಮೇಲೆ ಕೂತಿದ್ದರು. ಮುಂದಾಳು ಎಂಬ ಗೌರವಕ್ಕೆ ವಿಭೂತಿ ಮೂಟೆ ಗೌರಮ್ಮನ ಮನೆಯದಾಗಿತ್ತು.

ಹಮಾಲಿ ಆ ಮೂಟೆಯ ಬಾಯಿ ಬಿಚ್ಚಿದ. ಐದು ತೆಗೆದೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದರ ಒಳಮೈಯಲ್ಲಿ ಹಸಿರು ಬೂಷ್ಟು. ಮೂರನೆಯದರಲ್ಲೂ. ನಾಲ್ಕನೆಯದು, ಐದನೆಯದು, ಅವೂ ಹಾಗೇ. ಐದಕ್ಕೆ ನಾಲ್ಕು. ಪಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ರಿಜಿಸ್ಟರಿನಲ್ಲಿ 'ತಿರಸ್ಕೃತ' ಎಂದು ಬರೆದೆ. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಲ್ಲ.

ಗೌರಮ್ಮ ಕತ್ತರಿಸಿದ ಹೋಳೊಂದನ್ನು ಎತ್ತಿ ಮೂಸಿ ನೋಡಿದರು. "ಸಾರ್, ಇನ್ನೈದು ನೋಡಿ" ಎಂದರು.

ನನಗೆ ಉರಿ ಹತ್ತಿತು. "ಇನ್ನೊಂದೈದು ಅನ್ನೋ ಮಾತೇ ಇಲ್ಲಮ್ಮ. ಪಾಸಾಗೋವರೆಗೂ ಕತ್ತರಿಸ್ತಾ ಕೂತ್ಕೊಳ್ಳೋದಲ್ಲ ಇದು."

"ಪಾಸಾಗೋಗಂಟ ಅಂತ ನಾನೆಲ್ಲಂದೆ ಸಾರ್? ಐದ್ನೂ ಒಂದೇ ಮೂಟೇಲಿ ತಗಂಡ್ರಲ್ಲ. ಇನ್ನ ನಲವತ್ತೊಂದು ಮೂಟೆ ಬಾಯೇ ಬಿಟ್ಟಿಲ್ವಲ್ಲ. ಒಬ್ಬನ್ನೇ ಐದು ಸಲ ಕೇಳಿ ಐದು ಜನ ಸಾಕ್ಷಿ ಯೋಳಿದ್ರು ಅಂದಂಗಾಯ್ತು."

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಸಂಖ್ಯಾಶಾಸ್ತ್ರ ಓದಿದ ರಾಯರು ಕೂಡ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ನಾನು ಮಾತ್ರ ಅಂದು ಅದನ್ನು ಹಳೇಬೀಡಿನ ವರ್ತಕರ ಮಾತಿನ ಸಾಲಿಗೇ ಸೇರಿಸಿದೆ. ಒಬ್ಬರು ಮುಗಿದ ಪರೀಕ್ಷೆಯನ್ನು ಎಳೆಯಿರಿ ಎಂದಿದ್ದರು, ಇನ್ನೊಬ್ಬರು ಪರೀಕ್ಷೆಯೇ ಆಗಿಲ್ಲ ಎನ್ನುತ್ತಿದ್ದರು. ಎರಡೂ ಒಂದೇ ಎಂದು ತಿಳಿದ ನಾನು ದೊಡ್ಡ ನಿಷ್ಠಾವಂತನ ಹಾಗೆ ಗೋಡೆಯ ಪಟ್ಟಿ ತೋರಿಸಿದೆ. "ರೂಲ್ಸಮ್ಮ. ಮುಂದಿನವರು ಬನ್ನಿ."

ಕಟ್ಟೆಯ ಮೇಲಿದ್ದ ಹೆಂಗಸರು ಬಂದು ವಿಭೂತಿ ಮೂಟೆಗೆ ಕೈ ಹಾಕಿ ನೋಡಿದರು. ತಳ ತೇವವಾಗಿತ್ತು. ಯಾರೂ ಜಗಳವಾಡಲಿಲ್ಲ. ಒಬ್ಬರು ಮಾತ್ರ, "ಮನೆ ಮೂಟೆ ನೋಡ್ಕಳಕ್ಕಾಗ್ದೋರು ಊರ್ ಮೂಟೆ ಯಾಕೆ ಒತ್ಕಂಡು ಬರಬೇಕಿತ್ತು" ಎಂದದ್ದು ನನಗೆ ಕೇಳಿಸಿತು. ಗೌರಮ್ಮನಿಗೂ ಕೇಳಿಸಿತು. ಅವರು ತಲೆ ಎತ್ತಲಿಲ್ಲ.

ನಮ್ಮ ನಿಯಮದಲ್ಲಿ ಒಮ್ಮೆ ತಿರಸ್ಕಾರವಾದ ರಾಶಿಯನ್ನು ಅದೇ ಹಂಗಾಮಿನಲ್ಲಿ ಮತ್ತೆ ತರುವಂತಿಲ್ಲ. ಒಂದೇ ದಾರಿ ಇತ್ತು. ಪರೀಕ್ಷೆ ಕ್ರಮದ ಪ್ರಕಾರ ನಡೆಯಲಿಲ್ಲ ಎಂದು ಪರೀಕ್ಷಕನೇ ಹದಿನೈದು ದಿನದೊಳಗೆ ಬರೆದುಕೊಟ್ಟರೆ ಮರುಪರೀಕ್ಷೆ ಆಗುತ್ತಿತ್ತು. ನಾನು ಇದ್ದಷ್ಟು ದಿನ ಹಾಗೆ ಯಾರೂ ಬರೆದುಕೊಟ್ಟದ್ದಿಲ್ಲ.

ಎಂಟನೆಯ ದಿನ ಅರಸೀಕೆರೆಯ ಒಬ್ಬ ವರ್ತಕರ ಮಂಡಿಗೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಒಳಗೆ ಗಿಟುಕು ಸುರಿದು ಆರಿಸುತ್ತಿದ್ದರು. ಊರಿನ ವ್ಯಾಪಾರಿಯ ಕೈಗೇ ಹೋಗಿ, ಅವನಿಂದ ಇಲ್ಲಿಗೆ ಬಂದ ಗೌರಮ್ಮನ ರಾಶಿ ಅದು. ಮೂಟೆಗಳ ಮೇಲೆ ಗೌರಮ್ಮನ ಹೆಸರೂ ನಮ್ಮ ಕೇಂದ್ರದ ಕೆಂಪು ಶಾಯಿಯ ಕಾಟು ಗುರುತೂ ಹಾಗೇ ಇದ್ದವು. "ಯಾರೋ ಪುಣ್ಯಾತ್ಮ ಇದನ್ನ ರಿಜೆಕ್ಟ್ ಮಾಡವ್ನೆ ಕಣ್ರೀ. ಒಂದ್ ಮೂಟೆ ತ್ಯಾವ ಕುಡಿದೈತೆ. ಮಿಕ್ಕಿದ್ದೆಲ್ಲ ಫಸ್ಟ್ ಕ್ಲಾಸ್" ಎಂದು ಆರಿಸುತ್ತಿದ್ದವನು ಕೈತುಂಬ ಗಿಟುಕು ಎತ್ತಿ ತೋರಿಸಿದ. ಆ ಪುಣ್ಯಾತ್ಮ ಎದುರಿಗೇ ನಿಂತಿರುವುದು ಅವನಿಗೆ ಗೊತ್ತಿರಲಿಲ್ಲ. ತೇವ ಎಲ್ಲಿಂದ ಬಂತು ಎಂದು ನನಗೆ ಅಲ್ಲೇ ಹೊಳೆಯಿತು. ಕಲಶದ ನೀರು. ದೇವರ ಮುಂದೆ ಇಟ್ಟಷ್ಟು ದಿನವೂ ತುಳುಕಿ, ಇಳಿದು, ಚಿಪ್ಪು ಒಡೆಯುವಾಗ ಸಣ್ಣಗೆ ಬಿರುಕು ಬಿಟ್ಟ ಗಿಟುಕುಗಳ ಒಳಗೆ ಹೋಗಿದೆ. ಯಾವ ಮೂಟೆಗೆ ಹೆಚ್ಚು ಭಕ್ತಿ ಸಂದಿತ್ತೋ ಅದೇ ಕೆಟ್ಟಿತ್ತು, ನಾನು ಅದೊಂದನ್ನೇ ನೋಡಿದ್ದೆ.

ಅಂದೇ ಅರ್ಧ ಹಾಳೆ ಬರೆದೆ. ಐದೂ ಗಿಟುಕನ್ನು ಒಂದೇ ಮೂಟೆಯಿಂದ ತೆಗೆದದ್ದರಿಂದ ಪರೀಕ್ಷೆ ಕ್ರಮಬದ್ಧವಲ್ಲ, ಮರುಪರೀಕ್ಷೆ ಆಗಬೇಕು, ಎಂದು. ಉಳಿದ ರಾಶಿ ಇನ್ನೂ ಮಂಡಿಯಲ್ಲೇ ಇತ್ತು. ಅದು ಹೆಂಗಸರ ಕೈ ತಪ್ಪಿದ್ದರೂ ಗೌರಮ್ಮನ ಹೆಸರಿನ ಮುಂದಿನ 'ತಿರಸ್ಕೃತ' ಎಂಬ ಪದವನ್ನಾದರೂ ಹೊಡೆದುಹಾಕಬಹುದಿತ್ತು. ರಾಯರ ಜಾಗಕ್ಕೆ ಬಂದಿದ್ದ ಅಧಿಕಾರಿ ಕೆಟ್ಟವರೇನಲ್ಲ. ಹಾಳೆಯನ್ನು ಎರಡು ಸಲ ಓದಿ ನನಗೇ ವಾಪಸ್ಸು ಕೊಟ್ಟರು. "ಕೊಡೋದಾದ್ರೆ ಕೊಡಿ, ತಗೋತೀನಿ. ಆದರೆ ಇದೊಂದು ರಾಶಿಗೇ ಯಾರೂ ನಿಲ್ಲಿಸಲ್ಲ. ಹೋದ ವರ್ಷ ಎಷ್ಟು ರಾಶಿ ಹೀಗೆ ನೋಡಿದ್ರಿ ಅಂತ ಕೇಳ್ತಾರೆ. ಉತ್ತರ ನೀವೇ ಕೊಡಬೇಕು. ಯೋಚನೆ ಮಾಡಿ."

ಯೋಚನೆ ಮಾಡಿದೆ. ಒಂಬತ್ತನೇ ದಿನ, ಹತ್ತನೇ ದಿನ. ಹಾಳೆ ಮೇಜಿನ ಖಾನೆಯಲ್ಲಿತ್ತು. ಹದಿನೈದನೇ ದಿನ ಸಂಜೆ ಖಾನೆಗೆ ಬೀಗ ಹಾಕಿ ಮನೆಗೆ ಹೋದೆ. ನನಗೆ ಹೆದರಿಕೆಯಾಗಿತ್ತು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಮುಂದಿನ ಹಂಗಾಮಿಗೆ ನಾನು ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತಂದೆ. ಪ್ರತಿ ಮೂಟೆಗೂ ಸೀಮೆಸುಣ್ಣದಲ್ಲಿ ನಂಬರು, ಅದೇ ನಂಬರಿನ ಬಿಲ್ಲೆಗಳು ಡಬ್ಬಿಯಲ್ಲಿ. ಬೆಳೆಗಾರರೇ ಡಬ್ಬಿ ಅಲ್ಲಾಡಿಸಿ ಐದು ಬಿಲ್ಲೆ ತೆಗೆಯಬೇಕು, ಆ ಐದು ಮೂಟೆಯಿಂದ ಒಂದೊಂದೇ ಗಿಟುಕು. ದೇವರ ಮೂಟೆಗೆ ಮೊದಲು ಕೈಮುಗಿಯುತ್ತಿದ್ದೆವು, ಆದರೆ ಅದರ ನಂಬರು ಬಂದರೆ ಮಾತ್ರ ಬಿಚ್ಚುತ್ತಿದ್ದೆವು. ಹಮಾಲಿಗಳು ಒಂದು ವಾರ ಗೊಣಗಿ ಸುಮ್ಮನಾದರು. ಬೆಳೆಗಾರರಿಗೆ ಅದು ಬಹಳ ಹಿಡಿಸಿತು. ತಮ್ಮ ಕೈಯಿಂದಲೇ ಬಂದ ನಂಬರಿಗೆ ಯಾರು ಜಗಳ ಮಾಡುತ್ತಾರೆ? ಮೇಲಿನವರು ಬಂದು ನೋಡಿ ಹೊಗಳಿದರು. ಎಲ್ಲಿಂದ ಹೊಳೆಯಿತು ಈ ಉಪಾಯ ಎಂದು ಕೇಳಿದರು. ಅನುಭವ ಸಾರ್ ಎಂದೆ. ಯಾರ ಅನುಭವ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನಿಮ್ಮ ಕೈಯಲ್ಲಿ ಟ್ಯಾಬ್ ಇದೆ, ತೇವ ಅಳೆಯುವ ಮೀಟರ್ ಇದೆ. ಮೂಟೆಯ ನಂಬರನ್ನು ಯಂತ್ರವೇ ಆರಿಸುತ್ತದೆ, ಐದಾದ ಮೇಲೆ ಹಸಿರು, ಕೆಂಪು ಇಲ್ಲವೇ ಹಳದಿ ತೋರಿಸುತ್ತದೆ. ಒಳ್ಳೆಯದೇ. ಆದರೆ ಹಳದಿ ಯಾಕೆ ಬರುತ್ತದೆ ಎಂದು ಬಂದಿದ್ದ ಹುಡುಗನನ್ನು ಕೇಳಿದೆ. "ಆಪ್ ಹೇಳುತ್ತೆ ಸಾರ್" ಎಂದ. ನಾನೂ ಒಂದು ಕಾಲದಲ್ಲಿ ಗೋಡೆ ತೋರಿಸುತ್ತಿದ್ದೆ ಕಣಪ್ಪ. ಯಂತ್ರ ಹನ್ನೊಂದನೇ ಮೂಟೆ ಎಂದಾಗ, ಅದು ಕೆಳಗೆ ಸಿಕ್ಕಿಕೊಂಡಿದೆ ಎಂದು ಮೇಲಿರುವ ಮೂಟೆಗೇ ಹನ್ನೊಂದು ಎಂದು ಹೆಸರಿಟ್ಟು ಬಿಚ್ಚುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಿಸಿಲು, ಸಾಲು, ಹಮಾಲಿಯ ಗೊಣಗಾಟ, ಇವು ನಿಮಗೂ ಬರುತ್ತವೆ. ಆಗ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲ, ಬೇಗ ಕೆಲಸ ಮುಗಿಸಿದ ಹಾಗೆ ಕಾಣುತ್ತದೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಎರಡು ದಿನ ಹಾಳೆ ಮುಟ್ಟಲಿಲ್ಲ. ಇನ್ನೊಬ್ಬರಿಗೆ ಬುದ್ಧಿ ಹೇಳುವ ಈ ಬರಹವೂ ಖಾನೆಯಲ್ಲಿಟ್ಟ ಇನ್ನೊಂದು ಅರ್ಧ ಹಾಳೆಯೇ ಅನ್ನಿಸಿತು. ಮೂರನೆಯ ದಿನ ಬೆಳಿಗ್ಗೆ ಸ್ಕೂಟರ್ ತೆಗೆದು ಗಂಡಸಿ ದಾರಿ ಹಿಡಿದೆ.

ಗೌರಮ್ಮ ಅಂಗಳದಲ್ಲಿ ಗಿಟುಕು ಉಜ್ಜಿ ಹೊಟ್ಟು ತೆಗೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿದೆ, ದನಿ ಹಾಗೇ ಇದೆ. ನೋಡಿದ ಕೂಡಲೇ ಗುರುತು ಹಿಡಿದರು. "ಕೊಬ್ರಿ ಸಾರ್ ಅಲ್ವಾ? ಕುಂತ್ಕಳಿ" ಎಂದು ಮಣೆ ತಳ್ಳಿದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಮಂಡಿಯಲ್ಲಿ ಕಂಡದ್ದು, ಬರೆದ ಹಾಳೆ, ಹದಿನೈದನೆಯ ದಿನದ ಬೀಗ. ಅವರು ಉಜ್ಜುವ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ನೀವು ಡಬ್ಬಿ ತಂದ್ರಿ ಅಂತ ಕೇಳ್ದಾಗ್ಲೇ ಗೊತ್ತಾಯ್ತು ಸಾರ್," ಎಂದರು. "ನಮ್ಮ ರಾಶಿ ಹೋದ ಮಾರ್ನೆ ವರ್ಷವೇ ಯಾಕೆ ಡಬ್ಬಿ ಬಂತು ಅಂತ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲಮ್ಮ?"

"ನಾನು ಕೇಳಿ ನೀವು ಯೋಳಿದ್ರೆ ನಂಗೆ ಸಮಾಧಾನ ಆಯ್ತಿತ್ತು, ಅಷ್ಟೇಯ. ಸಂಘದೋರ ಮುಂದೆ ನಾನು ಯೋಳಿದ್ರೆ ಅದು ನನ್ನ ಮಾತೇ ಅಲ್ವಾ? ಆವತ್ತಿನಿಂದ ಅವ್ರು ನನ್ನ ಮೂಟೆ ಅಂದ್ರೆ ಬೇರೆ ಇಡ್ತಾರೆ ಸಾರ್. ಬೈಯಲ್ಲ, ಮಾತಾಡುಸ್ತಾರೆ, ಹಬ್ಬಕ್ಕೆ ಕರೀತಾರೆ. ಮೂಟೆ ಮಾತ್ರ ಬೇರೆ." ಉಜ್ಜಿದ ಗಿಟುಕನ್ನು ಪಕ್ಕಕ್ಕಿಟ್ಟು ಹೇಳಿದರು: "ಸೋಮವಾರ ಸಾಯಂಕಾಲ ಸಂಘದ ಸಭೆ ಐತೆ. ಬತ್ತೀರಾ?"

ಹೋದೆ. ಶಾಲೆಯ ಜಗಲಿಯ ಮೇಲೆ ಇಪ್ಪತ್ತು ಇಪ್ಪತ್ತೈದು ಹೆಂಗಸರಿದ್ದರು. ಆವತ್ತು ಹೂ ಮುಡಿದು ಬಂದಿದ್ದವರಲ್ಲಿ ಐದಾರು ಜನ ಮುಂದೆಯೇ ಕೂತಿದ್ದರು. ಗೌರಮ್ಮ ಕೊನೆಯಲ್ಲಿ, ಕಂಬಕ್ಕೆ ಒರಗಿ. ಮೂವತ್ತು ವರ್ಷ ಜನರೆದುರು ತೀರ್ಪು ಹೇಳಿದವನು ನಾನು, ಅಂದು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಮನೆಯಲ್ಲಿ ಬರೆದುಕೊಂಡು ಹೋಗಿದ್ದನ್ನು ಜೇಬಿನಿಂದ ತೆಗೆಯಲಿಲ್ಲ. ಪಟ್ಟಿ, ಐದು, ಹತ್ತು ಎಂದು ಏನೇನೋ ವಿವರಿಸಲು ಹೋದೆ. ಮುಂದೆ ಕೂತವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಗೌರಮ್ಮನ ದನಿ ಬಂತು.

"ಅದೆಲ್ಲ ಬ್ಯಾಡ ಸಾರ್. ಎಷ್ಟು ಮೂಟೆ ತಂದಿದ್ವಿ, ಅದ ಯೋಳಿ."

"ನಲವತ್ತೆರಡು."

"ನೀವು ಬಾಯಿ ಬಿಚ್ಚಿದ್ದು?"

"ಒಂದು."

"ಕೆಟ್ಟಿದ್ದು?"

"ಅದೇ ಒಂದು. ಉಳಿದ ನಲವತ್ತೊಂದೂ ಚೆನ್ನಾಗಿದ್ದವು. ರಾಶಿ ಹೋದದ್ದು ಗೌರಮ್ಮನ ಮೂಟೆಯಿಂದ ಅಲ್ಲ, ನನ್ನಿಂದ."

ಮುಂದೆ ಕೂತಿದ್ದ ಒಬ್ಬರು, ಅಂದು ಯಾರ್ಡಿನಲ್ಲಿ ಮನೆ ಮೂಟೆಯ ಮಾತು ಆಡಿದವರೇ ಇರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ತಿರುಗಿದರು. ಗೌರಮ್ಮ ಅವರನ್ನು ನೋಡಲಿಲ್ಲ. ಕಂಬ ಹಿಡಿದು ಎದ್ದು, ಸೀರೆ ಕೊಡವಿಕೊಂಡು, "ಹಸ ಕರೆಯೋ ಹೊತ್ತಾಯ್ತು, ಬತ್ತೀನಿ" ಎಂದು ಮೆಟ್ಟಿಲು ಇಳಿದರು. ಆ ಹೆಂಗಸೂ ಎದ್ದು, "ತಡಿ ಗೌರಕ್ಕ, ನಾನೂ ಬತ್ತೀನಿ" ಎನ್ನುತ್ತಾ ಅವರ ಹಿಂದೆಯೇ ಇಳಿದು ಹೋದರು.